ಪೂರ್ವಪಕ್ಷ, ಖಂಡನೆ ಮತ್ತು ನಮ್ಮ ಟೈಗರ್

ನಾನು ಚಿಕ್ಕವನಿದ್ದಾಗಿನಿಂದಲೇ ದೊಡ್ಡ ಮಾತಿಗೆ ಹೆದರುವವನು, ಮಕ್ಕಳೇ. ಮೊನ್ನೆ ನೀವು ಶಾಲೆಯ ಚರ್ಚಾಸ್ಪರ್ಧೆಗೆಂದು ವಾದ, ಆಧಾರ, ಖಂಡನೆ ಎಂದು ಬಾಯಿಪಾಠ ಮಾಡುತ್ತಿದ್ದಾಗ ನಾನು ಮೆಲ್ಲನೆ ಎದ್ದು ಹಿತ್ತಿಲಿಗೆ ಹೋದೆನಲ್ಲ, ಅದಕ್ಕೆ ಕಾರಣ ಒಂದು ನಾಯಿ.

ಆಗ ನಮ್ಮ ಮನೆ ಅಜ್ಜಾವರದಲ್ಲಿ. ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಅದರಲ್ಲಿ ಯಕ್ಷಗಾನದ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ಪಂಚೆ ಉಟ್ಟ ಇಬ್ಬರು ಎದುರುಬದುರು ಕುಳಿತು, ತಾವೇ ಪುರಾಣದ ರಾಜರೆಂಬಂತೆ ವಾದಿಸಬೇಕು; ಆ ಮಾತುಗಾರಿಕೆಗೇ ಅರ್ಥವೆಂದು ಹೆಸರು. ಎದುರಾಳಿಯ ಮಾತನ್ನು ಮೊದಲು ಎತ್ತಿ ಹೇಳಿದರೆ ಅದು ಪೂರ್ವಪಕ್ಷ. ಅದನ್ನು ಮುರಿದರೆ ಖಂಡನೆ. ಮುರಿಯಲು ಬಾರದಿದ್ದರೆ ದೃಷ್ಟಾಂತವೆಂದು ಏನಾದರೊಂದು ಕಥೆ. ಅಪ್ಪನ ಎದುರು ಕೂರುತ್ತಿದ್ದವರು ಯಾವಾಗಲೂ ಪಕ್ಕದ ಮನೆಯ ಮಾವ. ಮಾವನದು ಗೆಲ್ಲುವ ಪಾತ್ರ, ಅಪ್ಪನದು ಸೋಲುವ ಪಾತ್ರ. ಎಷ್ಟೇ ಚೆನ್ನಾಗಿ ವಾದಿಸಿದರೂ ಅಪ್ಪ ಕೊನೆಗೆ ಕೈಮುಗಿದು ಒಪ್ಪಿಕೊಳ್ಳಲೇಬೇಕು, ಇಲ್ಲವಾದರೆ ಕಥೆ ಮುಂದೆ ಹೋಗುವುದಿಲ್ಲ.

ಬೇಸಗೆಯ ಒಂದು ಬೆಳಿಗ್ಗೆ ಅಂಗಳದ ಚಾಪೆಯಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಅಕ್ಕನೂ ನಾನೂ ಕಾಗೆ ಓಡಿಸಲು ಕುಳಿತಿದ್ದೆವು. ಪಕ್ಕದಲ್ಲಿ ಟೈಗರ್ ಮಲಗಿತ್ತು. ಹೆಸರು ಟೈಗರ್, ಮುಂಗುಸಿ ಕಂಡರೆ ಸೌದೆ ರಾಶಿಯ ಹಿಂದೆ ಅಡಗುವ ಪ್ರಾಣಿ. ನನ್ನದೇ ಜಾತಿ. ಆಗ ಮಾವ ಒಂದು ಕೈಯಲ್ಲಿ ಕೋಳಿಯ ಕೆಂಪು ಗರಿ, ಇನ್ನೊಂದರಲ್ಲಿ ಖಾಲಿ ಗೋಣಿಚೀಲ ಹಿಡಿದು ಬಂದರು.

“ಎಂತ ಮಾರಾಯ, ನಿನ್ನೆ ಮಧ್ಯಾಹ್ನ ನಿನ್ನ ನಾಯಿ ನನ್ನ ಹುಂಜವನ್ನು ಮುಗಿಸಿತಲ್ಲ! ಇನ್ನು ಅದು ಈ ಊರಲ್ಲಿ ಬೇಡ.”

ಕೋಳಿ ಹಿಡಿಯುವ ನಾಯಿಯನ್ನು ಗೋಣಿಯಲ್ಲಿ ಕಟ್ಟಿ ಪಯಸ್ವಿನಿ ಹೊಳೆಯ ಆಚೆ ಬಿಟ್ಟು ಬರುವುದು ಆಗಿನ ಕ್ರಮ. ಮರಳಿ ಬರುವ ದಾರಿ ಅದಕ್ಕೆ ತಿಳಿಯಬಾರದೆಂದು ಗೋಣಿ. ಚೀಲ ನೋಡಿದ್ದೇ ನಾನು ಅಕ್ಕನ ಬೆನ್ನ ಹಿಂದೆ ಸರಿದೆ. ಅಪ್ಪನ ಮುಖವೋ, ಅರಳಿತು! ಹೆಗಲ ಮೇಲಿನ ಬೈರಾಸು ಟವಲನ್ನು ಸರಿಮಾಡಿಕೊಂಡು ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು.

“ಕೋಳಿ ಇಲ್ಲ, ಆದ್ದರಿಂದ ನಾಯಿ ತಿಂದದ್ದು. ಇದು ತಮ್ಮ ಪೂರ್ವಪಕ್ಷ. ಹಾಗಾದರೆ ಮಳೆ ಬಂದದ್ದು ಕಪ್ಪೆ ಕೂಗಿದ ಕಾರಣವೋ?”

“ಕಪ್ಪೆಗೆ ಕೋರೆಹಲ್ಲು ಉಂಟೋ ಮಹಾರಾಯರೇ?” ಎಂದು ಮಾವನೂ ಚೀಲ ಕೆಳಗಿಟ್ಟು ಎದುರು ಕುಳಿತರು.

ಅಷ್ಟೇ, ಹುಂಜವನ್ನು ಇಬ್ಬರೂ ಮರೆತರು. ಕಾವಲುಗಾರನ ಧರ್ಮವೆಂದರೇನು, ಸೇವಕನ ಪಾಪ ಒಡೆಯನಿಗೆ ತಟ್ಟುವುದೇ, ಹಸಿವು ಅಪರಾಧವೇ! ಒಂದೊಂದು ಮಾತಿಗೂ ತಮ್ಮ ತೊಡೆಯನ್ನು ತಾವೇ ತಟ್ಟಿಕೊಂಡರು. “ಅಪ್ಪ, ನಿನ್ನೆ ಮಧ್ಯಾಹ್ನ...” ಎಂದು ಅಕ್ಕ ಬಾಯಿ ತೆರೆದಾಗಲೆಲ್ಲ ಅಪ್ಪ ಕೈಯೆತ್ತಿ ತಡೆದರು. ಅರ್ಥದ ನಡುವೆ ಬಾಯಿ ಹಾಕಬಾರದಂತೆ. ಒಂದು ಬಡ ಜೀವ ಕಾಲಬಳಿ ಬಾಲ ಅಲ್ಲಾಡಿಸುತ್ತಿರುವಾಗ ತಮ್ಮ ಸ್ವರಕ್ಕೆ ತಾವೇ ತಲೆದೂಗುವ ಈ ಪಂಡಿತರ ಬಗ್ಗೆ ನನಗೆ ಅಂದು ಹುಟ್ಟಿದ ತಾತ್ಸಾರ ಇಂದಿಗೂ ಹೋಗಿಲ್ಲ.

ಕೊನೆಗೆ ಅಪ್ಪ ತಲೆ ತಗ್ಗಿಸಿದರು. ಎರಡೂ ಕೈ ಜೋಡಿಸಿದರು. “ಸೋತೆ. ತಮ್ಮ ಮಾತೇ ಧರ್ಮ. ಇನ್ನು ತಮ್ಮ ಚಿತ್ತ.”

ಅಭ್ಯಾಸಬಲ! ಬಾಯಿ ಪ್ರತಿಸಲ ಹೋಗುವ ದಾರಿಯಲ್ಲೇ ಹೋಗಿ, ಪ್ರತಿಸಲ ನಿಲ್ಲುವಲ್ಲೇ ನಿಂತಿತ್ತು. ಹೇಳಿಯಾದ ಮೇಲೆ ಅಪ್ಪನೇ ಬೆಚ್ಚಿಬಿದ್ದು ಟೈಗರನ್ನು ನೋಡಿದರು. ಗೆದ್ದೇ ಗೊತ್ತಿದ್ದ ಮಾವ ಚೀಲಕ್ಕೆ ಕೈ ಹಾಕಿದರು.

ಚೀಲ ಏಳಲಿಲ್ಲ. ಅಕ್ಕ ಅದರ ಮೇಲೆ ನಿಂತಿದ್ದಳು.

“ಮಾವ, ನಿನ್ನೆ ಮಧ್ಯಾಹ್ನ ನೀವು ಊಟ ಮಾಡಿದ್ದು ಎಲ್ಲಿ?”

“ಇಲ್ಲಿಯೇ. ಬಂಗುಡೆ ಸಾರು. ಎಂತಕ್ಕೆ?”

“ಮೀನಿನ ಮುಳ್ಳು ಯಾರಿಗೆ ಹಾಕಿದ್ರಿ?”

ಮಾವ ಟೈಗರನ್ನು ನೋಡಿದರು. ಟೈಗರ್ ನಿನ್ನೆಯ ಕೈಯ ಗುರುತು ಹಿಡಿದು ಅದನ್ನು ನೆಕ್ಕಿತು.

“ಊಟ ಆಗಿ ಸಂಜೆವರೆಗೆ ನೀವಿಬ್ಬರು ಇಲ್ಲೇ ಅರ್ಥ ಹೇಳಿದ್ದಲ್ವಾ? ಇದು ನಿಮ್ಮ ಕಾಲ ಬುಡದಲ್ಲೇ ಇತ್ತು. ಮತ್ತೆ ಹುಂಜವನ್ನು ತಿಂದದ್ದು ಯಾವಾಗ?”

ಅಕ್ಕ ಇಳಿದ ಮೇಲೆ ಮಾವ ಚೀಲ ಮಡಚಿ ಕಂಕುಳಿಗೆ ಸೇರಿಸಿದರು. “ಅದು ಸರಿ. ಆದರೆ ನನ್ನ ಕೋರೆಹಲ್ಲಿನ ಮಾತಿಗೆ ನಿನ್ನ ಅಪ್ಪ ಖಂಡನೆ ಕೊಡ್ಲಿಲ್ಲ, ನೆನಪಿರ್ಲಿ.”

“ಕೊಡುವವನೇ ಇದ್ದೆ...” ಎಂದು ಅಪ್ಪ ಮತ್ತೆ ಬೈರಾಸು ಸರಿಮಾಡಿಕೊಂಡರು.

“ಅಪ್ಪ, ಕಾಗೆ!” ಎಂದು ಅಕ್ಕ ಕೂಗಿದಳು. ಅರ್ಧ ಚಾಪೆ ಆಗಲೇ ಖಾಲಿಯಾಗಿತ್ತು.

ನಿಮ್ಮ ಕಾಲದಲ್ಲಿ ಆ ಜಗಲಿಯ ವಾದ ಗೋಡೆಯ ಟೀವಿಗೆ ಹತ್ತಿದೆ. ಅಪ್ಪ, ಮಾವ ಒಬ್ಬರಾದ ಮೇಲೆ ಒಬ್ಬರಾದರೂ ಮಾತಾಡುತ್ತಿದ್ದರು. ಈ ಟೀವಿಯವರು ಪರದೆಯ ಚೌಕ ಚೌಕದೊಳಗೆ ಕುಳಿತು ಒಟ್ಟಿಗೇ ಕಿರುಚುತ್ತಾರೆ. ನೀವು ಸ್ಪರ್ಧೆಗೆ ಹೋಗಿ, ನನ್ನ ಅಡ್ಡಿಯಿಲ್ಲ. ಗಂಟಲು ಕಟ್ಟೀತೆಂದು ಶುಂಠಿ ಕಷಾಯ ನಾನೇ ಕಾಯಿಸಿ ಕೊಡುತ್ತೇನೆ. ಆದರೆ ಯಾರಾದರೂ ಭಾರೀ ಚೆನ್ನಾಗಿ ವಾದಿಸತೊಡಗಿದರೆ ನೀವೆಲ್ಲ ಅವರ ಬಾಯಿ ನೋಡುತ್ತೀರಿ. ನನ್ನ ಕಣ್ಣು ಮಾತ್ರ ನೆಲಕ್ಕೆ ಹೋಗುತ್ತದೆ: ಗೋಣಿಚೀಲ ಎಲ್ಲಿಟ್ಟಿದ್ದಾರೆ, ಅದರ ಮೇಲೆ ಯಾರಾದರೂ ನಿಂತಿದ್ದಾರೆಯೇ ಎಂದು.