ಅಕ್ಕನಿಗೊಂದು ಉಪಚಾರ

ಬೆಳಿಗ್ಗೆ ಅಂಗಳ ಗುಡಿಸಿ ನೀರು ಹಾಕಿದೆ. ನಲ್ಲಿ ಬರುವ ದಿನವಾದ್ದರಿಂದ ಡ್ರಮ್ಮು ತುಂಬಿಸಿದೆ. ಒಣಗಿದ ಬಟ್ಟೆ ಮಡಚಿದೆ. ಮಧ್ಯಾಹ್ನ ಕಡಲೆಬೇಳೆ ಬೇಯಿಸಿ, ಕರೆಂಟು ಹೋಗುವುದರೊಳಗೆ ಹೂರಣ ರುಬ್ಬಿಕೊಂಡೆ. ಬೆಲ್ಲ, ಯಾಲಕ್ಕಿಯ ವಾಸನೆ ಎದ್ದದ್ದೇ ತಡ, ಅಕ್ಕನ ನೆನಪು ಬಂತು. ಹಾಗೆಂದು ಆಕೆ ದೂರವೇನೂ ಇರಲಿಲ್ಲ. ದಾವಣಗೆರೆಯಲ್ಲಿ ಹೊಟ್ಟೆಯ ತಪಾಸಣೆ ಮುಗಿಸಿ, ನ್ಯಾಮತಿಯ ನಮ್ಮ ಮನೆಗೆ ಬರುವ ಬಸ್ಸಿನಲ್ಲಿದ್ದಳು. ಏನಂದರು ಎಂದು ಫೋನಿನಲ್ಲಿ ಕೇಳಿದರೆ "ಬಂದ್ ಹೇಳ್ತೀನಿ" ಎಂದು ಇಟ್ಟುಬಿಟ್ಟಳು. ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಹೂರಣ ರುಬ್ಬಿದವಳು ನಾನೊಬ್ಬಳೇ ಇರಬೇಕು.

ಊಟಕ್ಕೆ ಕೂತವರನ್ನು ಇನ್ನೊಂದು, ಮತ್ತೊಂದು ಎಂದು ಒತ್ತಾಯಿಸುವ ನಮ್ಮ ಕಡೆಯ ಉಪಚಾರ ನಿಮಗೆ ಗೊತ್ತಿರಬಹುದು. ಅದರಲ್ಲಿ ಜಗಳೂರಿಗೆ ಕೊಟ್ಟ ನಮ್ಮಕ್ಕನದು ಒಂದು ತೂಕ ಹೆಚ್ಚು. ಸಾಕು ಎಂದು ಅಡ್ಡ ಹಿಡಿದ ಕೈಯ ಸಂದಿಯಲ್ಲೇ ಹೋಳಿಗೆ ಜಾರಿಸುವುದರಲ್ಲಿ ಪಳಗಿದ ಕೈ ಅವಳದು. ಜಗಳೂರಿಗೆ ಹೋಗುವುದಿದ್ದರೆ ನನ್ನ ಗಂಡ ಹಿಂದಿನ ದಿನವೇ ಊಟ ಕಡಿಮೆ ಮಾಡುತ್ತಿದ್ದರು.

ಅಂಥವಳು ಮೂರು ವರ್ಷದ ಹಿಂದೆ ತನ್ನ ತಟ್ಟೆಯಲ್ಲೇ ಊಟ ಬಿಡತೊಡಗಿದಳು. ಎರಡು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು. ಬೆಳಿಗ್ಗೆ ತಿಂದದ್ದು ಸಂಜೆ ವಾಂತಿಯಾಗುತ್ತಿತ್ತು. ಪಿತ್ತ ಎಂದು ತೀರ್ಮಾನಿಸಿ ಜೀರಿಗೆ ಕಷಾಯ ಕುಡಿಸಿದ ವೈದ್ಯೆ ನಾನೇ. ಅದಕ್ಕೂ ಬಗ್ಗದಿದ್ದಾಗ ಭಾವ ನಮ್ಮಿಬ್ಬರನ್ನೂ ದಾವಣಗೆರೆಗೆ ಕರೆದೊಯ್ದು, ಬಾಯಿಂದ ಅವಳ ಹೊಟ್ಟೆಗೆ ಕ್ಯಾಮೆರಾ ಬಿಡಿಸಿದರು.

ಡಾಕ್ಟರು ಹಾಳೆಯ ಮೇಲೆ ಜಠರದ ಚಿತ್ರ ಬರೆದು ತೋರಿಸಿದರು. "ಕ್ಯಾನ್ಸರ್ ಗಡ್ಡೆ ಇರೋದು ಕೆಳತುದಿಯಲ್ಲಿ, ಊಟ ಕರುಳಿಗೆ ಇಳಿಯೋ ಜಾಗದಲ್ಲಿ. ದಾರಿಗೆ ಅಡ್ಡ ಬಂದಿದ್ದಕ್ಕೆ ಗೊತ್ತಾಯ್ತು. ಮೇಲೆ, ಅನ್ನನಾಳದ ಹತ್ರ ಆಗಿದ್ದಿದ್ರೆ ಇಡೀ ಜಠರ ತೆಗೀಬೇಕಾಗ್ತಿತ್ತೇನೋ. ಅಲ್ಲಿಯವು ಸಾಮಾನ್ಯವಾಗಿ ಹೆಚ್ಚು ಕಾಡ್ತವೆ. ಇವರಿಗೆ ಕೆಳಭಾಗ ತೆಗೆದು ಮೇಲಿನದು ಉಳಿಸಬಹುದು. ಆದ್ರೆ ಜಾಗ ಒಂದನ್ನೇ ನೋಡಿ ಹೇಳೋಕಾಗಲ್ಲ. ಎಷ್ಟು ಆಳಕ್ಕೆ ಇಳಿದಿದೆ, ಎಲ್ಲಿಗಾದ್ರೂ ಹರಡಿದೆಯಾ, ಅದೂ ಮುಖ್ಯ."

ನಾವು ಸೂಳೆಕೆರೆ ಏರಿಯ ಕೆಳಗೆ, ತೂಬಿನಿಂದ ಗದ್ದೆಗೆ ನೀರು ಬಿಡುವುದನ್ನು ನೋಡುತ್ತ ಹುಟ್ಟಿ ಬೆಳೆದವರು. ಅಕ್ಕ ಚಿತ್ರವನ್ನು ತನ್ನ ಕಡೆ ತಿರುಗಿಸಿಕೊಂಡಳು. "ಅಂದ್ರೆ ತೂಬಿಗೆ ಕಸ ಕಟ್ಟೈತೆ ಅನ್ರಿ. ಕೆರೆ ಪೂರಾ ಹೋಗಿಲ್ಲ." ಡಾಕ್ಟರು ನಕ್ಕರು. ಅಳಲೆಂದು ಸೆರಗು ಕೈಗೆತ್ತಿಕೊಂಡಿದ್ದ ನಾನು ಅದರಲ್ಲೇ ನಗು ಮುಚ್ಚಿಕೊಂಡೆ.

ಆಪರೇಷನ್ ಆಯಿತು, ಕೀಮೋ ಆಯಿತು. ಉಳಿದ ಪುಟ್ಟ ಹೊಟ್ಟೆಗೆ ದಿನಕ್ಕೆ ಹಲವು ಸಲ ಸ್ವಲ್ಪಸ್ವಲ್ಪವೇ ಊಟ. ನೋಡಲು ಬಂದ ಹೊನ್ನಾಳಿ ಚಿಕ್ಕಮ್ಮ ಕ್ಯಾರಿಯರ್ ಬಿಚ್ಚಿ, ಮಾತಾಡುತ್ತಲೇ ಒಂದು ತುತ್ತು ಹೆಚ್ಚಿಗೆ ತಿನ್ನಿಸಿದರು. ಅಕ್ಕ ಆ ಮಧ್ಯಾಹ್ನವೆಲ್ಲ ಬೆವರಿ ಒದ್ದಾಡಿದಳು. ಅವತ್ತೇ ಭಾವ ಕಟ್ಟಪ್ಪಣೆ ಮಾಡಿದರು. "ಇವಳಿಗೆ ಯಾರೂ ಉಪಚಾರ ಹೇಳಾಕೆ ಹೋಗಬ್ಯಾಡ್ರಿ." ಬಳಗವೆಲ್ಲ ಒಪ್ಪಿ ನಡೆದುಕೊಂಡಿತು. ಚನ್ನಗಿರಿಯ ಮದುವೆಯೊಂದರಲ್ಲಿ ಬಡಿಸುವವರು ಅಕ್ಕನ ಎಲೆ ದಾಟಿಕೊಂಡೇ ಹೋದಾಗ, ನಾವು ಎಷ್ಟು ತಿದ್ದಿಕೊಂಡಿದ್ದೇವೆ ಎಂದು ನನಗೆ ಹೆಮ್ಮೆಯೇ ಆಗಿತ್ತು.

ಸಂಜೆ ಬಸ್ಸಿಳಿದು ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು. "ಕ್ಯಾಮೆರಾದಾಗ ಏನೂ ಕಾಣಲಿಲ್ವಂತೆ. ಇನ್ನ ವರ್ಷ ಬಿಟ್ಟು ಬರ್ರಿ ಅಂದ್ರು."

ನಾನು ಒಳಗೆ ಹೋಗಿ ಹೂರಣದ ಉಂಡೆ ಕಟ್ಟಿದೆ. ಆಮೇಲೆ ಒಲೆ ಹಚ್ಚಿದೆ.

ಊಟಕ್ಕೆ ಕೂತಾಗ ಅವಳ ತಟ್ಟೆಗೆ ಕಾಲು ಹೋಳಿಗೆ ಇಟ್ಟು, ಎಂದಿನಂತೆ ಮುಂದಕ್ಕೆ ಹೋದೆ. ಅಕ್ಕ ಮುಖ ಊದಿಸಿದಳು.

"ಒಂದ್ ಮಾತಿಗಾದ್ರೂ ಇನ್ನೊಂದ್ ಚೂರು ಅಂತ ಕೇಳಬಾರದೇನೆ?"

"ಜಾಸ್ತಿ ತಿನ್ನಬಾರದಲ್ಲೇ ನೀನು?"

"ತಿಂತೀನಿ ಅಂತ ಯಾರಂದ್ರು? ನೀನ್ ಕೇಳು. ಬ್ಯಾಡ ಅನ್ನಾಕೆ ನನಗೂ ಬಾಯೈತೆ. ಮೂರು ವರ್ಷದಿಂದ ರೋಗಿಗೆ ಬಡಿಸಿದಂಗೆ ಬಡಿಸ್ತೀರಿ. ನೆಂಟರಿಗೆ ಬಡಿಸಿದಂಗೆ ಒಬ್ರೂ ಬಡಿಸಿಲ್ಲ."

ನಾನು ಇಡೀ ಹೋಳಿಗೆ ಎತ್ತಿ, ತುಪ್ಪ ಹಾಕಿ, ಬಾಗಿ ನಿಂತೆ. "ನನ್ನಾಣೆ ಐತೆ, ಒಂದು."

"ಬ್ಯಾಡ್ವೇ, ಹೊಟ್ಟೆ ಬಿರಿಯಂಗೈತೆ." ಎರಡೂ ಕೈ ತಟ್ಟೆಗೆ ಅಡ್ಡ ಬಂದವು.

ನನ್ನ ಗಂಡನೂ ಸೇರಿಕೊಂಡರು. "ನಮ್ಮನೆ ಹೋಳಿಗೆ ನಿಮಗೆ ಸೇರಲ್ಲ ಬಿಡ್ರಿ ಅಕ್ಕಾರೆ."

"ಹಂಗನ್ನಬ್ಯಾಡ್ರಿ. ಅರ್ಧಾನೂ ಆಗಲ್ಲ, ನಿಮ್ಮಾಣೆಗೂ."

ನಾವು ಒತ್ತಾಯಿಸಿದಷ್ಟೂ ಅವಳು ಬೇಡವೆಂದಳು. ಬೇಡವೆಂದಷ್ಟೂ ಅವಳ ಮುಖ ಅರಳಿತು. ಕೊನೆಗೆ ಆ ಹೋಳಿಗೆಯನ್ನು ಕಿತ್ತುಕೊಂಡು ನನ್ನ ಗಂಡನ ತಟ್ಟೆಗೇ ಜಾರಿಸಿದಳು.

ಅಕ್ಕ ತಿಂದದ್ದು ಮೆತ್ತನೆಯ ಅನ್ನ, ಕಟ್ಟಿನ ಸಾರು, ಕಾಲು ಹೋಳಿಗೆ. ಉಳಿದದ್ದನ್ನು ನಾವಿಬ್ಬರು ತಿಂದೆವು. ದಿಂಬುಗಳಿಗೆ ಒರಗಿಕೊಂಡು, ನಾಳೆ ಯಾರ ಮನೆಗೆ ಊಟಕ್ಕೆ ಹೋಗೋಣ ಎಂದು ಕೇಳುತ್ತಿದ್ದವಳು, ಎಲ್ಲರಿಗಿಂತ ಮೊದಲು ನಿದ್ದೆ ಹೋದಳು.