ಕಿಟಕಿಗೆ ಅಡ್ಡವಾಗಿದ್ದ ದೋಣಿ

ಮಗಳು ಹೈಸ್ಕೂಲಿಗೆ ಹೋಗತೊಡಗಿದ ಮೇಲೆ ನಾನು ಒಂದು ಹಡಗು ಕಂಪನಿಯ ದೂರು ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ. ಹಡಗುಗಳು ಮುಂಬೈಯಿಂದ ಗೋವಾ ಕಡೆಗೆ ಪ್ರವಾಸಿಗರನ್ನು ಕರೆದೊಯ್ಯುತ್ತಿದ್ದವು. ಅವರ ದೂರುಗಳನ್ನು ಕೇಳುವ ನಾವು ಮಾತ್ರ ಪುಣೆಯಲ್ಲಿ. ಎಸಿ ನಡೆಯಲಿಲ್ಲ, ಬ್ಯಾಗು ಬೇರೆಯವರ ಕೋಣೆಗೆ ಹೋಯಿತು, ಉಪವಾಸದ ದಿನ ಸಾಬುದಾಣೆ ಖಿಚಡಿ ಸಿಗಲಿಲ್ಲ ಎಂದು ಜನ ಮನೆಗೆ ಮರಳಿದ ಮೇಲೆ ಫೋನ್ ಮಾಡುತ್ತಿದ್ದರು.

ನಾನು ಧಾರವಾಡದವಳು. ಮದುವೆಯಾಗಿ ಪುಣೆಯ ಸದಾಶಿವ ಪೇಠಕ್ಕೆ ಬಂದಾಗಿನಿಂದ ಮನೆಯ ಹೊರಗೆ ಮರಾಠಿಯಲ್ಲೇ ಬದುಕಿದವಳು, ಹಾಗಾಗಿ ಮಾತಿಗೇನೂ ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು ವೇಗದ್ದು. ಅಕ್ಕಪಕ್ಕದ ಹುಡುಗಿಯರು ಎರಡು ಮಾತಿನಲ್ಲಿ ಮುಗಿಸುವುದನ್ನು ನಾನು ಹತ್ತು ಮಾತಿಗೆ ಎಳೆಯುತ್ತಿದ್ದೆ. ನಮ್ಮ ಮೇಲಧಿಕಾರಿ ಮೈಸೂರು ಕಡೆಯವಳು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು. ಹಿಂದಿನಿಂದ ಬಂದು ಮೆಲ್ಲಗೆ ಹೇಳುತ್ತಿದ್ದಳು: "ಅಕ್ಕಾ, ಸ್ವಲ್ಪ ಶಾರ್ಟ್ ಮಾಡಿ ಪ್ಲೀಸ್. ಕಾಲ್‌ಗಳ ಕ್ಯೂ ಬೆಳೀತಾ ಇದೆ."

ಅಂಥ ದಿನಗಳಲ್ಲೇ ಪುಣೆ ಹತ್ತಿರದ ತಳೇಗಾಂವ ದಾಭಾಡೆಯ ಒಬ್ಬರ ಕರೆ ನನ್ನ ಪಾಲಿಗೆ ಬಂತು. ಆಫೀಸಿನಲ್ಲಿ ಎಲ್ಲರಿಗೂ ಅವರು ಗೊತ್ತಿದ್ದರು, ಯಾರಿಗೂ ಅವರನ್ನು ಸಮಾಧಾನ ಮಾಡಲು ಆಗಿರಲಿಲ್ಲ. ತಳೇಗಾಂವಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಹೆಂಡತಿಗೆ ಸಮುದ್ರ ತೋರಿಸಬೇಕೆಂದು ಕಡಲ ಕಡೆಗೆ ಕಿಟಕಿ ಇರುವ ಕೋಣೆಯನ್ನೇ ಆರಿಸಿ ಹಡಗು ಹತ್ತಿದ್ದರು. ಒಳಗೆ ಹೋಗಿ ಪರದೆ ಸರಿಸಿದರೆ ಕಿಟಕಿಯ ತುಂಬ ಕಿತ್ತಳೆ ಬಣ್ಣ. ಅಪಾಯದ ಹೊತ್ತಿಗೆಂದು ಹಡಗಿನ ಪಕ್ಕೆಗೆ ತೂಗುಹಾಕುವ ದೋಣಿ ಸರಿಯಾಗಿ ಅವರ ಗಾಜಿನ ಎದುರಿಗೇ ಇತ್ತು. ನೀರು ಕಾಣಲಿಲ್ಲ, ಆಕಾಶವೂ ಕಾಣಲಿಲ್ಲ. "ನೋಟಕ್ಕೆ ಸ್ವಲ್ಪ ಅಡ್ಡಿ ಇರಬಹುದು ಎಂದು ನಿಯಮಗಳಲ್ಲಿ ಬರೆದಿದೆ" ಎಂದು ನಮ್ಮವರು ಉತ್ತರ ಕೊಟ್ಟಿದ್ದರು, ಜೊತೆಗೆ ಮುಂದಿನ ಪ್ರವಾಸಕ್ಕೊಂದು ರಿಯಾಯಿತಿ ಕೂಪನ್ನು. ಅವರು ಅದನ್ನು ಮುಟ್ಟಿರಲಿಲ್ಲ.

ಇದನ್ನೆಲ್ಲ ಅವರು ಖಡಕ್ ಮರಾಠಿಯಲ್ಲಿ ಹೇಳಿದರು. ನಾನು ಕಂಪ್ಯೂಟರಿನಲ್ಲಿ ಅವರ ಕೋಣೆಯನ್ನು ಹುಡುಕುತ್ತಿದ್ದೆ. ಆ ಕಡೆ ಹೆಂಗಸಿನ ದನಿಯೊಂದು ಏನೋ ಅಂದಿತು. ಅವರು ಫೋನಿನಿಂದ ಮುಖ ತಿರುಗಿಸಿ, "ತಡೀ, ಸುಮ್ಮನ ಕೂಡು. ಈಗ ನೋಡಾಕತ್ತಾರ" ಅಂದರು.

ನನಗೆ ತಡೆಯಲಾಗಲಿಲ್ಲ. "ಕಾಕಾ, ನೀವು ಕನ್ನಡದವರೇನ್ರಿ?" ಎಂದೆ.

"ಹೌದು. ನೀವ?"

"ನಾನು ಧಾರವಾಡದಾಕೀ ರೀ."

"ನಮ್ಮದು ಗೋಕಾಕದ ಕಡೆ. ಏನವಾ, ಇಷ್ಟೊತ್ತನಕ ನನ್ನ ಕಡೆ ಸುಮ್ಮಸುಮ್ಮನ ಮರಾಠಿ ಮಾತಾಡಿಸಿದಿ!"

ಅವರು ನಕ್ಕರು. ನಂತರದ ಮಾತಿನಲ್ಲಿ ಸಿಟ್ಟು ಇರಲಿಲ್ಲ, ನೋವು ಇತ್ತು. "ನನಗ ಕೂಪನ್ ಬ್ಯಾಡವಾ. ಹೌದು, ನಿಮ್ಮ ಕಿಟಕಿ ಮುಂದ ದೋಣಿ ಇತ್ತು, ತಪ್ಪು ನಮ್ಮದು ಅಂತ ಒಬ್ಬರರೆ ಅನ್ಲಿ. ಎಲ್ಲಾರೂ ನಿಯಮಾ ಓದಿ ಹೇಳತಾರ."

ಫೋಟೋ ಇದ್ದರೆ ಕಳಿಸಿ ಎಂದೆ. ಸಂಜೆಯೊಳಗೆ ಬಂದವು. ನಾನು ಅವನ್ನು ಮೇಲಧಿಕಾರಿಗೆ ತೋರಿಸಿದೆ. ಅವಳು ಮೊದಲು "ಪಾಲಿಸಿ ಇದೆಯಲ್ಲ ಅಕ್ಕಾ" ಅಂದಳು. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದಳು. "ಇದು ಸ್ವಲ್ಪ ಅಡ್ಡಿ ಅಲ್ಲ, ಪೂರ್ತಿ ದೋಣೀನೇ! ನಮ್ಮಮ್ಮನ್ನ ಇಂಥಾ ರೂಮಲ್ಲಿ ಕೂರಿಸಿದ್ರೆ ನಾನು ಸುಮ್ಮನಿರ್ತಿದ್ನಾ?" ಅವಳೇ ಮುಂಬೈ ಆಫೀಸಿಗೆ ಫೋನ್ ಹಚ್ಚಿ ವಾದಕ್ಕೆ ನಿಂತಳು. ಆ ಸಾಲಿನ ಕೋಣೆಗಳೆಲ್ಲ ಹಾಗೇ ಇವೆ, ಬುಕಿಂಗ್ ಪುಟದಲ್ಲಿ ಮಾತ್ರ ಅದು ಕಾಣುವಂತೆ ಬರೆದಿಲ್ಲ ಎಂಬುದು ಅಲ್ಲಿಯವರಿಗೂ ಗೊತ್ತಿತ್ತು. ಕೆಲವು ದಿನ ಎಳೆದಾಡಿ, ಕೊನೆಗೆ ಕ್ಷಮೆ ಕೇಳಲು ಒಪ್ಪಿದರು. ಸಮುದ್ರ ಚೆನ್ನಾಗಿ ಕಾಣುವ ಬೇರೆ ಕೋಣೆಯಲ್ಲಿ ಇನ್ನೊಂದು ಪ್ರವಾಸವನ್ನೂ ಕೊಡುತ್ತೇವೆ ಎಂದರು.

ನಾನು ಹುರುಪಿನಿಂದ ತಳೇಗಾಂವಿಗೆ ಫೋನ್ ಮಾಡಿದೆ. "ಕಾಕಾ, ತಪ್ಪು ನಮ್ಮದು ರೀ. ಕಂಪನಿ ಪರವಾಗಿ ಹೇಳ್ಲಿಕ್ಕತ್ತೀನಿ."

"ತಡೀ, ಸ್ಪೀಕರಿಗೆ ಹಾಕತೇನಿ. ಈಗ ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ. ಹೊಸ ಪ್ರವಾಸದ ಸುದ್ದಿಯನ್ನೂ ಹೇಳಿದೆ. ಅಷ್ಟರಲ್ಲಿ ಹೆಂಗಸಿನ ದನಿ ಹತ್ತಿರ ಬಂತು. "ಇಲ್ಲಿ ಕೊಡ್ರಿ ಆ ಫೋನು. ತಂಗೀ, ನಾ ಮಾತಾಡ್ಲೇನು?"

"ಮಾತಾಡ್ರಿ ಕಾಕೂ."

"ನನ್ನ ಯಾರೂ ಕೇಳೇ ಇಲ್ಲವಾ. ನನಗ ನೀರಂದ್ರ ಭಾಳ ಹೆದರಿಕಿ. ಸಣ್ಣಾಕಿದ್ದಾಗ ಹೊಳ್ಯಾಗ ಕಾಲು ಜಾರಿದಾಕಿ ನಾನು. ಹಡಗಾ ಹತ್ತಿದಾಗಿಂದ ಎದಿ ಡಬಡಬ ಅಂತಿತ್ತು. ಪಡದೆ ಸರಿಸಿದ ಕೂಡಲೇ ದೋಣಿ ಕಂಡಿತು ನೋಡು, ಜೀವಕ್ಕ ಸಮಾಧಾನ ಆತು. ಏನರೆ ಆದ್ರ ಕೈಗೆ ಸಿಗೂಹಂಗ ಅದಲ್ಲಾ ಅಂತ."

ಅವರ ಮಾತು ಮುಗಿದಿರಲಿಲ್ಲ.

"ದೂರು ಬರ್ಕೊಳ್ಳೂದಿದ್ರ ನಂದೊಂದು ಬರ್ಕೋ. ಇವರು ಹಡಗಿನ್ಯಾಗ ಆ ಕೌಂಟರಿನ ಮುಂದ ನಿಂತು ಜಗಳಾ ಮಾಡಿದ್ದ ಮಾಡಿದ್ದು. ನಾ ಒಬ್ಬಾಕಿನ ಊಟಕ್ಕ ಹೋದೆ, ಒಬ್ಬಾಕಿನ ಚಹಾ ಕುಡದೆ. ಹಾಡು, ಕುಣತಾ ಎಲ್ಲಾ ಇತ್ತು. ಒಬ್ಬಾಕಿ ಕುಂತು ಏನು ನೋಡ್ಲಿ?"

"ಏ, ನಿನ್ನ ಸಲುವಾಗೇ ಜಗಳಾ ಮಾಡಿದ್ದು!" ಹಿಂದಿನಿಂದ ಕಾಕಾ ಕೂಗಿದರು.

"ನಾ ಮಾಡ್ರಿ ಅಂದಿದ್ನೇನು?"

ಇಷ್ಟು ದಿನ ಹೆಂಡತಿಗಾಗಿ ಹೋರಾಡಿದ ಮನುಷ್ಯನ ಮೇಲೆಯೇ ದೂರು ತಿರುಗಿದ್ದು ನನಗೆ ಕೆಟ್ಟೆನಿಸಿತು. ಅವರ ಪ್ರೀತಿ ಸುಳ್ಳಾಗಿರಲಿಲ್ಲ. ಆಕೆಯ ಬೇಸರವೂ ಸುಳ್ಳಾಗಿರಲಿಲ್ಲ.

"ಕಾಕೂ, ಹಂಗಾದ್ರ ನಿಮಗೇನು ಬೇಕು, ನೀವ ಹೇಳ್ರಿ" ಎಂದೆ.

ಆಕೆ ಬಹಳ ಹೊತ್ತು ಯೋಚಿಸಿದರು. ನನ್ನ ಹಿಂದೆ ಕ್ಯೂ ಬೆಳೆಯುತ್ತಿತ್ತು, ನಾನು ಕಾದೆ.

"ಇನ್ನೊಮ್ಮೆ ಹೋಗೂಣು. ಖೋಲಿ ಅದ ಇರ್ಲಿ, ದೋಣಿ ಇದ್ದದ್ದು. ಸಮುದ್ರಾ ನೋಡಬೇಕನ್ನಿಸಿದಾಗ ಮ್ಯಾಲ ಹೋಗಿ ಬಯಲಾಗ ಕೂಡತೇನಿ. ಹೆದರಿಕಿ ಆದ್ರ ಹಿಡ್ಕೊಳ್ಳಾಕ ಇವರ ಕೈ ಇರಬೇಕು. ಕೌಂಟರ್ ಕಡೆ ಹೋಗಬಾರದು."

ಮೇಲಧಿಕಾರಿ ಈ ಕರೆಯ ಧ್ವನಿಮುದ್ರಣ ಕೇಳಿ, "ಅರ್ಧ ಕನ್ನಡ ನನಗೇ ಅರ್ಥ ಆಗ್ಲಿಲ್ಲ ಅಕ್ಕಾ" ಎಂದು ನಕ್ಕಳು. ಅರ್ಥ ಮಾಡಿಸಿದಾಗ ಇನ್ನಷ್ಟು ನಕ್ಕಳು. ಕೋಣೆ ಸರಿಯಿಲ್ಲ ಎಂದು ದೂರು ಕೊಟ್ಟವರಿಗೆ ಪರಿಹಾರವಾಗಿ ಅದೇ ಕೋಣೆ! ಮುಂಬೈಯವರು ನಂಬದೆ ಮತ್ತೆ ಮತ್ತೆ ಕೇಳಿದರು. ಅವಳು ಅದನ್ನು ಮಂಜೂರು ಮಾಡಿಸಿದ್ದಲ್ಲದೆ, ಬೆನ್ನು ಬಿಡದೆ ಬುಕಿಂಗ್ ಪುಟವನ್ನೂ ಬದಲು ಮಾಡಿಸಿದಳು. ಈಗ ಆ ಕೋಣೆಗಳ ಚಿತ್ರದಲ್ಲಿ ದೋಣಿ ಎದ್ದು ಕಾಣುತ್ತದೆ. ಆ ಕಿಟಕಿಗಳ ಬಗ್ಗೆ ಆಮೇಲೆ ನಮಗೆ ದೂರು ಬಂದದ್ದು ಕಡಿಮೆ.

ಮಳೆಗಾಲ ಕಳೆದು ಹಡಗುಗಳು ಮತ್ತೆ ಹೊರಟಾಗ ಇಬ್ಬರೂ ಹೋಗಿಬಂದರು. ಮನೆಗೆ ಮರಳಿದ ದಿನವೇ ಕಾಕು ಫೋನ್ ಮಾಡಿದರು. ಈ ಸಲ ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸಿ ಮಲಗಿದ್ದು ಕಾಕಾ. ಆಕೆಯೇ ಅವರನ್ನು ಗಾಳಿಗೆಂದು ಮೇಲೆ ಕರೆದುಕೊಂಡು ಹೋಗಿ, ನಿಂಬೆಹುಳಿ ಶರಬತ್ತು ಕುಡಿಸಿ, ಸಂಜೆಯವರೆಗೂ ಕೈ ಹಿಡಿದು ಕೂತಿದ್ದರಂತೆ.

"ಹೆದರಿಕಿ ಹೋತೇನ್ರಿ ಕಾಕೂ?"

"ಎಲ್ಲಿ ಹೋಗತದವಾ? ಆದ್ರೂ ನೋಡಿದೆ. ಭಾಳ ದೊಡ್ಡದದ."

ಅಂದಿನಿಂದ ನಾನೊಂದು ರೂಢಿ ಮಾಡಿಕೊಂಡಿದ್ದೇನೆ. ಯಾರಾದರೂ ಮನೆಮಂದಿಯ ಪರವಾಗಿ ದೂರು ಹೇಳಿದರೆ, ಅವರು ಹತ್ತಿರದಲ್ಲಿದ್ದಾರೆಯೇ, ಸ್ವಲ್ಪ ಫೋನ್ ಕೊಡುತ್ತೀರಾ ಎಂದು ಕೇಳುತ್ತೇನೆ. ನನ್ನ ಕರೆಗಳು ಈಗಲೂ ಉದ್ದವೇ. ಮೇಲಧಿಕಾರಿ ಮಾತ್ರ ಬೇರೆಯವರಿಂದ ಮುಗಿಯದ ದೂರುಗಳನ್ನು ತಾನಾಗಿಯೇ ನನ್ನ ಕಡೆ ಕಳಿಸುತ್ತಾಳೆ.

ಒಂದು ಭಾನುವಾರ ಮಗಳನ್ನು ಕರೆದುಕೊಂಡು ಲೋಕಲ್ ರೈಲಿನಲ್ಲಿ ತಳೇಗಾಂವಿಗೆ ಹೋದೆ. ಕಾಕು ಜೋಳದ ರೊಟ್ಟಿ ಬಡಿಯುತ್ತಿದ್ದರು. ಕಾಕಾ ಕನ್ನಡಕ ಹಾಕಿಕೊಂಡು ಮೊಬೈಲಿನಲ್ಲಿ ಮುಂದಿನ ಪ್ರವಾಸಕ್ಕೆ ಊರು ಹುಡುಕುತ್ತಿದ್ದರು. ಒಂದೆರಡು ಚಿತ್ರ ನನಗೂ ತೋರಿಸಿದರು. ಆಮೇಲೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, "ನಿನಗೆಲ್ಲಿ ಹೋಗಬೇಕನಸ್ತದ?" ಎಂದು ಕೇಳಿದರು.

ಕಾಕು ರೊಟ್ಟಿ ಹಂಚಿನ ಮೇಲೆ ಹಾಕಿ, ನೀರು ಸವರಿ, "ಇರ್ರಿ, ವಿಚಾರ ಮಾಡಿ ಹೇಳತೇನಿ" ಅಂದರು. ಕಾಕಾ ಅಲ್ಲೇ ಕಾದು ನಿಂತರು.