ಹಂಸದ ಕಣ್ಣಿನ ಗ್ಯಾಸ್ಕೆಟ್

ಸ್ವಲ್ಪ ತಾಳಿ, ಪುಟ ತಿರುವಬೇಡಿ. ರೇಷ್ಮೆ ಸೀರೆಯ ಹಂಸವೊಂದು ನಮ್ಮ ಕಾರಿನ ಉಸಿರು ಕೆಡಿಸಿದ್ದನ್ನು ಹೇಳಬೇಕು. ಅಲ್ಲಿಗೆ ಬರುವವರೆಗೆ ಕಾದರೆ ಸಾಕು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಚಳ್ಳಕೆರೆಯಲ್ಲಿ ಅಪ್ಪನದು ಸೀರೆ ಅಂಗಡಿ, ಮನೆ ಮುಂದೆ ಒಂದು ಪುಟ್ಟ ಬಿಳಿ ಕಾರು. ನಾನು ಓದುತ್ತಿದ್ದದ್ದು ಕಾಮರ್ಸು, ತಲೆ ತುಂಬ ಇದ್ದದ್ದು ಇಂಜಿನ್ನು. ಕಲಿಸಿದವರು ಯಾರೂ ಇಲ್ಲ. ಸೈಬರ್ ಸೆಂಟರಿನಲ್ಲಿ ಓದಿದ್ದನ್ನು ಅಂಗಳದಲ್ಲಿ ಬಿಚ್ಚಿ ನೋಡುವುದೇ ನನ್ನ ವಿದ್ಯೆ.

ಥ್ರಾಟಲ್ ಬಾಡಿ ಅಂದರೆ ಇಂಜಿನ್ನಿನ ಗಂಟಲು. ಆಕ್ಸಿಲರೇಟರ್ ತುಳಿದರೆ ಅದರೊಳಗಿನ ಬಿಲ್ಲೆ ತೆರೆದುಕೊಂಡು ಗಾಳಿ ಒಳಗೆ ಹೋಗುತ್ತದೆ. ದೊಡ್ಡ ಗಂಟಲು ಹಾಕಿದರೆ ಗಾಳಿ ಜಾಸ್ತಿ, ಓಟವೂ ಜಾಸ್ತಿ ಎಂಬುದು ನನ್ನ ನಂಬಿಕೆ. ಅದೇ ಕಂಪನಿಯ ದೊಡ್ಡ ಕಾರಿನದೊಂದು ಗುಜರಿಯಲ್ಲಿ ಸಿಕ್ಕಿತು. ನಾಲ್ಕೂ ಬೋಲ್ಟಿನ ತೂತು ಸರಿಯಾಗಿ ಕೂಡುತ್ತಿದ್ದವು. ಇನ್ನು ಸುಮ್ಮನಿರುವುದು ಹೇಗೆ?

ಅದನ್ನು ನಮ್ಮ ಕಾರಿಗೆ ಹಾಕಲಾ ಎಂದು ಶನಿವಾರ ಸಂಜೆ ಅಪ್ಪನನ್ನು ಕೇಳಿದೆ.

“ಸೋಮವಾರ ಬೆಳಿಗ್ಗೆ ದೇವಸಮುದ್ರದಾಗೆ ಗೃಹಪ್ರವೇಶ ಐತೆ,” ಅಂದ ಅಪ್ಪ. “ಅಷ್ಟೊತ್ತಿಗೆ ಕಾರು ಹೊರಡ್ಲಿಲ್ಲ ಅಂದ್ರೆ ನಿನ್ನ ಪಾನಾ ಡಬ್ಬಿ ಅದೇ ಗುಜರಿಗೆ ಹೋಗ್ತೈತೆ. ಆಮೇಲೆ ನೀನು ಬಾನೆಟ್ ಮುಟ್ಟಂಗಿಲ್ಲ.”

“ಹೊರಡ್ತೈತಪ್ಪಾ.”

“ನನಗಲ್ಲ, ಕಾರಿಗೆ ಹೇಳು.”

ಭಾನುವಾರ ಬೆಳಿಗ್ಗೆಯೇ ಬ್ಯಾಟರಿ ವೈರು ಬಿಚ್ಚಿ ಶುರು ಮಾಡಿದೆ. ಹಳೆಯದನ್ನು ತೆಗೆದೆ. ಇಂಜಿನ್ನಿನ ಕಡೆಯ ಬಾಯಿಗೆ ಬಟ್ಟೆ ತುರುಕಿ, ಅಂಚನ್ನು ಅರದಿಂದ ಉಜ್ಜಿ ಹೊಸ ಅಳತೆಗೆ ತಂದೆ. ಅಲ್ಲಿಯವರೆಗೆ ಎಲ್ಲ ಚೆನ್ನ. ಗಾಳಿ ಸೋರದಂತೆ ಎರಡರ ನಡುವೆ ಕೂರುವ ರಟ್ಟಿನ ಗ್ಯಾಸ್ಕೆಟ್ ಮಾತ್ರ ಕೆರೆಯುವಾಗ ಹರಿದುಹೋಯಿತು. ಸ್ಪೇರ್ ಪಾರ್ಟ್ ಅಂಗಡಿಗಳಿಗೆಲ್ಲ ರಜೆ.

ಆಗ ಪಡಸಾಲೆಯ ಮೂಲೆಯ ಗಂಟು ಕಣ್ಣಿಗೆ ಬಿತ್ತು. ಅಪ್ಪನ ಅಂಗಡಿಗೆ ಸೀರೆ ತರುವ ಮೊಳಕಾಲ್ಮುರಿನ ನೇಕಾರರೊಬ್ಬರು ಹಿಂದಿನ ದಿನ ಅದನ್ನು ನಮ್ಮಲ್ಲಿಟ್ಟು, ಊರಲ್ಲೇ ಇದ್ದ ನೆಂಟರ ಮನೆಗೆ ಹೋಗಿದ್ದರು. ಅದರಲ್ಲಿದ್ದದ್ದು ತೂತು ಹೊಡೆದ ರಟ್ಟುಗಳು. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಮಗ್ಗಕ್ಕೆ ಹೇಳುವುದೇ ಆ ತೂತುಗಳು. ನನಗೆ ಕಂಡದ್ದು ಮಾತ್ರ ಒಳ್ಳೆ ಗಟ್ಟಿ ರಟ್ಟು. ಇಷ್ಟು ರಟ್ಟಿನಲ್ಲಿ ಒಂದು ಹೋದರೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡು, ಕಡಿಮೆ ತೂತಿನದೊಂದನ್ನು ಎಳೆದು, ಕತ್ತರಿಸಿ, ಕೂರಿಸಿ ಬಿಗಿದೆ.

ಕೀಲಿ ತಿರುಗಿಸಿದೆ. ಪೆಡಲ್ ಮುಟ್ಟದೆಯೇ ಇಂಜಿನ್ನು ಅರಚಿಕೊಂಡಿತು, ಜತೆಗೆ ಉಸ್ ಎಂಬ ಸದ್ದು. ಆರಿಸಿ ಇನ್ನಷ್ಟು ಬಿಗಿದೆ. ಸದ್ದು ಇನ್ನಷ್ಟು ಜೋರಾಯಿತು.

ಅವ್ವ ಬಾಗಿಲಿಗೆ ಬಂದಳು. “ಒಳಗೆ ಕುಕ್ಕರ್ ಇಟ್ಟಿದೀಯೇನಪ್ಪಾ? ಎಷ್ಟು ಕೂಗಿಗೆ ಇಳಿಸ್ತೀಯಾ?”

ಮಧ್ಯಾಹ್ನದ ಹೊತ್ತಿಗೆ ಪಾನಾ ಡಬ್ಬಿಯ ಆಸೆ ಬಿಟ್ಟಿದ್ದೆ. ಆಗಲೇ ನೇಕಾರರು ಬಂದು, ಗಂಟು ಬಿಚ್ಚಿ, ಒಂದೊಂದೇ ರಟ್ಟು ನೋಡತೊಡಗಿದರು.

“ಅಮ್ಮಾ, ನಮ್ದು ಅಟ್ಟ ಒಂದು ಕಾಣ್ತಿಲ್ಲ.”

“ಅಟ್ಟ ಮೇಲೇ ಐತಲ್ರಿ, ಅದೆಲ್ಲಿಗೆ ಹೋಗ್ತೈತೆ?” ಎಂದು ಅವ್ವ ಸೂರಿನ ಕಡೆ ಕೈ ತೋರಿಸಿದಳು.

ಅವರ ತೆಲುಗಿನಲ್ಲಿ ಅಟ್ಟ ಅಂದರೆ ರಟ್ಟು. ಪಾಪ, ಮರ್ಯಾದೆಗೆ ಅವರೂ ಒಮ್ಮೆ ಮೇಲೆ ನೋಡಿದರು. “ಆ ಅಟ್ಟ ಅಲ್ಲಮ್ಮಾ. ಅದಿಲ್ದಿದ್ರೆ ನಮ್ಮ ಹಂಸಕ್ಕೆ ಕಣ್ಣು ಬರಲ್ಲ.”

ನಾನು ಕೈ ಒರೆಸಿಕೊಂಡು ಹತ್ತಿರ ಹೋದೆ. “ಅದು ಕಾರೊಳಗೈತೆ, ಯಜಮಾನ್ರೆ.”

“ಸೀಟಿನ ಮೇಲಾ?”

“ಇಂಜಿನ್ನೊಳಗೆ.”

ಅವರು ಬೈಯಲಿಲ್ಲ. ಬಾನೆಟ್ಟಿನ ಹತ್ತಿರ ನಿಂತು “ಶುರು ಮಾಡು” ಅಂದರು. ಜೇಬಿನಿಂದ ಒಂದು ರೇಷ್ಮೆ ಎಳೆ ತೆಗೆದು ನಾನು ಕೂಡಿಸಿದ ಅಂಚಿನ ಸುತ್ತ ಮೆಲ್ಲಗೆ ಆಡಿಸಿದರು. ಒಂದು ಕಡೆ ಎಳೆಯ ತುದಿ ಸರಕ್ಕನೆ ಒಳಕ್ಕೆ ಹೋಯಿತು.

“ನೋಡು ನಾಯ್ನಾ, ನಿನ್ನ ಇಂಜಿನ್ನು ಕಣ್ಣು ಬಿಟ್ಟೈತೆ.”

ಬಿಚ್ಚಿದರೆ ನಿಜವೇ. ಪಕ್ಕಪಕ್ಕದ ಎರಡು ತೂತುಗಳ ನಡುವಿನ ರಟ್ಟು ಬಿಗಿತಕ್ಕೆ ಹರಿದು, ಹೊರಗಿನ ಗಾಳಿಗೆ ಒಳಕ್ಕೆ ದಾರಿಯಾಗಿತ್ತು. ಬಿಲ್ಲೆ ಮುಚ್ಚಿದ್ದರೂ ಇಂಜಿನ್ನು ಕಳ್ಳದಾರಿಯಲ್ಲಿ ಉಸಿರಾಡುತ್ತಿತ್ತು.

“ಇನ್ನೊಂದು ಗಂಟೆ ಬಿಟ್ಟಿದ್ರೆ ಸೆರಗೂ ನೇಯ್ತಿತ್ತೇನೋ,” ಎನ್ನುತ್ತ ಅವರು ಗಂಟಿನ ಅಡಿಯಿಂದ ಇನ್ನೂ ತೂತು ಹೊಡೆಯದ ರಟ್ಟೊಂದನ್ನು ಕೊಟ್ಟರು. “ಕಣ್ಣಿಂದು ಊರಿಗೋಗಿ ಇನ್ನೊಂದು ಹೊಡಿಸ್ಕೋತೀನಿ. ಮುಂದೆ ಬೇಕಂದ್ರೆ ಕೇಳಿ ತಗೋ.”

ನಾಚಿಕೆಯಿಂದಲೇ ಕತ್ತರಿಸಿ ಕೂರಿಸಿದೆ. ಇಂಜಿನ್ನು ಹಾಲು ಕುಡಿದ ಮಗುವಿನ ಹಾಗೆ ಸುಮ್ಮನಾಯಿತು.

ಸೋಮವಾರ ಅಪ್ಪ, ಅವ್ವ ಕಾರಿನಲ್ಲಿ ಹೊರಟರು. ಅವರು ಬರುವವರೆಗೆ ನಾನು ಬೀದಿಯನ್ನೇ ನೋಡುತ್ತ ಕೂತೆ. ಸಂಜೆ ಕಾರು ನಿಲ್ಲಿಸಿದ ಅಪ್ಪ ನನ್ನನ್ನು ದಿಟ್ಟಿಸಿದ.

“ಲೇ, ಕಾಲಿಟ್ರೆ ಸಾಕು, ಆಡಿನ ಮರಿ ನೆಗೆದಂಗೆ ನೆಗೀತೈತೆ.”

ಹಿಂದೆ ಇಳಿದ ಅವ್ವ ಹೇಳಿದಳು: “ಕೊಂಡ್ಲಹಳ್ಳಿ ಹತ್ರ ನಿಮ್ಮಪ್ಪ ಎರಡು ಲಾರಿ ಹಿಂದಾಕಿದ್ರು. ಊಟದ ಪಂಕ್ತಿ ಪೂರ್ತಿ ಅದೇ ಮಾತು.”

ಅಪ್ಪ ಗಂಟಲು ಸರಿಮಾಡಿಕೊಂಡ. “ನನ್ನ ಸ್ಕೂಟರು ಒಂದೇ ಒದೆತಕ್ಕೆ ಸ್ಟಾರ್ಟ್ ಆಗ್ತಿಲ್ಲ. ನಾಳೆ ಅದನ್ನೂ ಒಂದ್ಸಲ ಬಿಚ್ಚಿ ನೋಡು.”

ಕಾರಿನ ಓಟ ನಿಜಕ್ಕೂ ಹೆಚ್ಚಿತ್ತೋ, ಪೆಡಲ್ ಚುರುಕಾದದ್ದಕ್ಕೆ ಹಾಗನ್ನಿಸಿತೋ, ನನಗೆ ಈಗಲೂ ಗೊತ್ತಿಲ್ಲ. ನೀವೂ ಮನೆಯಲ್ಲೇ ಇಂಥದ್ದು ಬಿಚ್ಚಿ ಜೋಡಿಸಿದವರಾದರೆ, ಯಾವುದರ ಬದಲು ಏನು ಹಾಕಿ ಪಾರಾದಿರಿ, ಬರೆದು ತಿಳಿಸಿ. ಬೈಸಿಕೊಂಡದ್ದಿದ್ದರೆ ಅದನ್ನೂ ಸೇರಿಸಿ.